ನಡಿಗೆಗಾರನ ಹಿಮ್ಮಡಿ

ಜಪಾನಿನ ಕಾಶಿವಾ ಊರಿನ ಕನ್ನಡಿಗರು ದೇವರಿಗೆ ಹೆದರುತ್ತಿದ್ದರೋ ಇಲ್ಲವೋ, ಭಾನುವಾರ ಬೆಳಿಗ್ಗೆ ಶ್ರೀಹರಿಗೆ ಮಾತ್ರ ಹೆದರುತ್ತಿದ್ದರು. ವಾರವೆಲ್ಲ ಏನೇ ತಿಂದಿರಲಿ, ಆ ದಿನ ತೇಗಾ ಕೆರೆಯ ದಂಡೆಯಲ್ಲಿ ಅವನೆದುರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕಾಗುತ್ತಿತ್ತು. 'ನಡೆ ಬಳಗ' ಎಂದು ಅವನೇ ಹೆಸರಿಟ್ಟು ಕಟ್ಟಿದ ಗುಂಪು ಅದು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವರು, ತೋಕ್ಯೋದ ಆಫೀಸುಗಳಿಗೆ ರೈಲಿನಲ್ಲಿ ಹೋಗಿಬರುವವರು, ಅವರ ಹೆಂಡಂದಿರು, ನಿದ್ದೆಗಣ್ಣಿನ ಮಕ್ಕಳು, ಎಲ್ಲರೂ ಬಾತುಕೋಳಿಗಳ ಹಾಗೆ ಅವನ ಹಿಂದೆ ಸಾಲುಗಟ್ಟಿ ನಡೆಯುತ್ತಿದ್ದರು. ನಡೆಯುತ್ತಲೇ ಅವನ ಪಾಠ. ರಕ್ತದಲ್ಲಿ ಕೊಬ್ಬು ಹೇಗೆ ಸೇರುತ್ತದೆ, ನಾಳದ ಒಳಗೋಡೆಗೆ ಹೇಗೆ ಹತ್ತಿಕೊಳ್ಳುತ್ತದೆ, ಒಂದು ಬೋಂಡಾದ ಪಾಪ ಕಳೆಯಲು ಎಷ್ಟು ದೂರ ನಡೆಯಬೇಕು. ಬೆನ್ನ ಹಿಂದೆ ಅವನನ್ನು 'ಎಣ್ಣೆ ಇನ್‌ಸ್ಪೆಕ್ಟರ್' ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಒಳಗೊಳಗೇ ಹಿಗ್ಗುತ್ತಿದ್ದ.

ಬಳಗದಲ್ಲಿ ಅವನಿಗೆ ತಲೆನೋವಾಗಿದ್ದವನು ಬಸವರಾಜ. ಧಾರವಾಡದವನು, ವಿಶ್ವವಿದ್ಯಾಲಯದಲ್ಲಿ ಬ್ಯಾಟರಿಗಳ ಮೇಲೆ ಕೆಲಸ ಮಾಡುತ್ತಿದ್ದ. ಹೆಂಡತಿ ಮಕ್ಕಳು ಊರಿನಲ್ಲಿ. ಇವನ ಅಡುಗೆಮನೆ ಎಂದರೆ ಮನೆಯ ಕೆಳಗಿನ, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ.

"ಬಸವರಾಜ್, ಕೈಲಿ ಏನದು?"

"ಏನಿಲ್ರಿ ಸರ, ಕಾಫಿ."

"ಕ್ಯಾನ್ ಕಾಫಿ! ಎಷ್ಟು ಶುಗರ್ ಇದೆ ಗೊತ್ತೇನ್ರೀ ಅದ್ರಲ್ಲಿ? ಹಿಂದ್ಗಡೆ ಬರ್ದಿದಾರೆ, ಓದಿ."

"ಜಪಾನಿ ಓದಾಕ ಬಂದಿದ್ರ ನಾ ಕುಡೀತಿದ್ನೇನ್ರಿ?"

ಎಲ್ಲರೂ ನಕ್ಕರು. ಶ್ರೀಹರಿ ನಗಲಿಲ್ಲ. ಬಗ್ಗಿ ತನ್ನ ಷೂ ಸಡಿಲಿಸಿಕೊಂಡ. ಹಿಮ್ಮಡಿಯ ಮೇಲೆ, ಮೀನಖಂಡಕ್ಕೆ ಏರುವ ನರ ಅವನಿಗೆ ಹಗ್ಗದಷ್ಟು ದಪ್ಪ. ಯಾವ ಷೂ ಹಾಕಿದರೂ ಹಿಂದೆ ಕಚ್ಚುತ್ತಿತ್ತು. "ಇದು ನಡಿಗೆಗಾರನ ಹಿಮ್ಮಡಿ," ಎಂದು ಹೊಸಬರಿಗೆ ಕಾಲು ಎತ್ತಿ ತೋರಿಸುತ್ತಿದ್ದ. "ವರ್ಷಗಟ್ಲೆ ನಡೆದ್ರೆ ಮಾತ್ರ ಹೀಗಾಗೋದು. ಸರ್ಟಿಫಿಕೇಟ್ ಇದ್ದ ಹಾಗೆ." ಹೊಸಬರು ತಮ್ಮ ತೆಳ್ಳನೆಯ ಹಿಮ್ಮಡಿಗಳನ್ನು ನೋಡಿಕೊಂಡು ನಾಚುತ್ತಿದ್ದರು.

ಬೆಂಗಳೂರಿನ ಕಂಪನಿಯೊಂದು ಅವನನ್ನು ಎರಡು ವರ್ಷಕ್ಕೆಂದು ತೋಕ್ಯೋದ ಮಿನಾಟೋದಲ್ಲಿದ್ದ ಆಫೀಸಿಗೆ ಕಳಿಸಿ, ಆಮೇಲೆ ವಾಪಸ್ ಕರೆಸಿಕೊಳ್ಳುವುದನ್ನೇ ಮರೆತಿತ್ತು. ಕಾಶಿವಾದಲ್ಲಿ ಮನೆ ಕೊಂಡ. ಮಗಳು ಸಾಹಿತ್ಯ ಇಲ್ಲೇ ಹುಟ್ಟಿ ಐದನೇ ತರಗತಿಗೆ ಬಂದಳು. ಜಪಾನಿ ಭಾಷೆಯನ್ನು ಅವನು ತನ್ನ ಆಹಾರದಷ್ಟೇ ಶಿಸ್ತಾಗಿ ಕಲಿತ. ಆದರೆ ಈ ಎಲ್ಲ ಶಿಸ್ತಿನ ಹಿಂದೆ ಒಂದು ಲೆಕ್ಕವಿತ್ತು. ಅದನ್ನು ಅವನು ಕೆರೆಯ ದಂಡೆಯಲ್ಲಿ ಯಾರಿಗೂ ಹೇಳಿದವನಲ್ಲ. ಅವನ ಅಪ್ಪ ಹೃದಯಾಘಾತದಲ್ಲಿ ಹೋದಾಗ ನಲವತ್ತೇಳು. ಶ್ರೀಹರಿಗೆ ಈಗ ನಲವತ್ತಾರು.

ಅಪ್ಪನನ್ನು ಕೊಂದದ್ದು ಏನೆಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ತುಪ್ಪ. ಆಮೇಲೆ ಅಮ್ಮನ ಕೈಯ ಚಿರೋಟಿ, ಕೋಡುಬಳೆ, ಅಂಬೊಡೆ. ಅಪ್ಪ ತಿನ್ನುತ್ತಿದ್ದ, ಅಮ್ಮ ಬಡಿಸುತ್ತಿದ್ದಳು. ಇದರಲ್ಲಿ ಒಗಟೇನಿದೆ? ಹಾಗಾಗಿ ಶ್ರೀಹರಿ ತುಪ್ಪ ಬಿಟ್ಟ. ಕಂಪನಿಯ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ಕೆಟ್ಟ ಕೊಲೆಸ್ಟರಾಲು ಇನ್ನೂರರ ಮೇಲಿತ್ತು. ಕಾಯಿ ಬಿಟ್ಟ. ಮರುವರ್ಷ ಅಲ್ಲೇ ಇತ್ತು. ಮೊಟ್ಟೆ ಹಾಕಿದ ಕೇಕು ಬಿಟ್ಟ, ಗೋಡಂಬಿ ಬಿಟ್ಟ, ಕೊನೆಗೆ ಒಗ್ಗರಣೆಯ ಎಣ್ಣೆಯನ್ನೂ ಬಿಟ್ಟ. ಅವನ ಹೆಂಡತಿ ಕಾತ್ಯಾಯಿನಿ ಸಾಸಿವೆಯನ್ನು ಒಣ ಬಾಣಲೆಯಲ್ಲಿ ಸಿಡಿಸಲು ಕಲಿತಳು. ಸಾಸಿವೆ ಕೂಡ ಬೇಸರದಿಂದಲೇ ಸಿಡಿಯುತ್ತಿತ್ತು. ಕೊಲೆಸ್ಟರಾಲು ಮಾತ್ರ, ಬಾಡಿಗೆ ಕೊಡದೆ ಕೂತ ಬಾಡಿಗೆದಾರನಂತೆ, ಇದ್ದಲ್ಲಿಂದ ಜಗ್ಗಲಿಲ್ಲ.

ತಪಾಸಣೆಯ ಕೊನೆಗೆ ಪ್ರತಿ ವರ್ಷ ಒಂದು ಸೂಚನೆ ಬರುತ್ತಿತ್ತು: ದಯವಿಟ್ಟು ವೈದ್ಯರನ್ನು ಕಾಣಿರಿ. ಶ್ರೀಹರಿ ಕಾಣಲಿಲ್ಲ. ಕಂಡರೆ ಮಾತ್ರೆ ಕೊಡುತ್ತಾರೆ. ಮಾತ್ರೆ ನಾಲಿಗೆ ಕಟ್ಟಲಾಗದವರಿಗೆ ಎಂದು ಅವನೇ ಎಷ್ಟು ಭಾನುವಾರ ಹೇಳಿಲ್ಲ? ಮೇಲಾಗಿ ಜಪಾನಿನಲ್ಲಿ ಸೊಂಟಕ್ಕೆ ಟೇಪು ಹಿಡಿದು ಅಳೆಯುತ್ತಾರೆ. ಗಂಡಸರಿಗೆ ಎಂಬತ್ತೈದು ಸೆಂಟಿಮೀಟರು ದಾಟಿದರೆ 'ಮೆಟಾಬೊ' ಎಂಬ ಹೆಸರು ಬೀಳುವ ಭಯ. ಜೊತೆಗೆ ಬಿಪಿಯೋ ಸಕ್ಕರೆಯೋ ಹೆಚ್ಚಿದ್ದರೆ ಸಲಹೆಗೆ ಕರೆಸಿ ಕೂರಿಸುತ್ತಾರೆ. ಶ್ರೀಹರಿಯ ಸೊಂಟ ಆ ಗಡಿಯಿಂದ ಎಷ್ಟೋ ದೂರ. ಅಳೆಯುವ ಹುಡುಗಿ ಪ್ರತಿ ವರ್ಷ "ಅದ್ಭುತ!" ಎನ್ನುತ್ತಿದ್ದಳು. ಅವನು ಆ ಮಾತನ್ನು ಇಟ್ಟುಕೊಂಡು, ಇನ್ನೊಂದನ್ನು ಮರೆಯುತ್ತಿದ್ದ.

ಆ ವರ್ಷ ಜೂನಿನಲ್ಲಿ ಮೈಸೂರಿನಿಂದ ಅವನ ಅಮ್ಮ ಕಮಲಮ್ಮ ಮೂರು ತಿಂಗಳಿಗೆಂದು ಬಂದಳು. ಬಂದ ನಾಲ್ಕನೇ ದಿನವೇ, ಮಗ ಆಫೀಸಿಗೆ ಹೋಗಿದ್ದಾಗ, ಹೊಕ್ಕೈಡೋ ಬೆಣ್ಣೆ ತರಿಸಿ ತುಪ್ಪ ಕಾಯಿಸಿದಳು. ಸಂಜೆ ಶ್ರೀಹರಿ ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತ. ಮನೆಯೆಲ್ಲ ಘಮಘಮ.

"ಏನಿದು ವಾಸನೆ?"

"ಮಗೂಗೆ ಕಣೋ," ಎಂದಳು ಕಮಲಮ್ಮ. "ನಂಗಲ್ಲ, ನಿಂಗೂ ಅಲ್ಲ. ಬೆಳೆಯೋ ಹುಡುಗಿ, ಒಣ ಅನ್ನ ತಿಂದು ತಿಂದು ಕೊಕ್ಕರೆ ಆಗಿದಾಳೆ."

"ಅಮ್ಮ, ಈ ಮನೇಲಿ ಅದು ಅಲೋಡ್ ಇಲ್ಲ ಅಂತ ಫೋನಲ್ಲೇ ಹೇಳಿದ್ದೆ."

"ಅಲೋಡು! ಒಂದು ಚಮಚ ತುಪ್ಪಕ್ಕೆ ವೀಸಾ ಬೇಕೇನೋ?"

ಸಾಹಿತ್ಯ ತಟ್ಟೆಯಿಂದ ತಲೆ ಎತ್ತಿದಳು. ಕನ್ನಡ ಅವಳಿಗೆ ಕಿವಿಗೆ ಬರುತ್ತಿತ್ತು, ನಾಲಿಗೆಗೆ ಅಷ್ಟಾಗಿ ಬರುತ್ತಿರಲಿಲ್ಲ. "ಅಜ್ಜಿ, ವೈ ಈಸ್ ಪಪ್ಪಾ ಆಂಗ್ರಿ ವಿತ್ ಬಟರ್?"

ಶ್ರೀಹರಿಗೆ ತಡೆಯಲಾಗಲಿಲ್ಲ. "ಯಾಕೆ ಅಂತ ಅಜ್ಜೀನೇ ಕೇಳು," ಎಂದ. "ಅಪ್ಪನ್ನ ಕಳಿಸಿದ್ದು ಸಾಕಾಗಿಲ್ಲ ಅಜ್ಜಿಗೆ."

ಮಾತು ಹೊಸದಲ್ಲ. ಅಪ್ಪನ ವೈಕುಂಠ ಸಮಾರಾಧನೆಯ ದಿನ, ಎಲೆ ಹಾಕಿ ಬಡಿಸುವಾಗ, ಇಪ್ಪತ್ತರ ಹುಡುಗ ಶ್ರೀಹರಿ ಬಂಧುಗಳ ಮುಂದೆಯೇ ಇದನ್ನು ಅಂದಿದ್ದ. ಆಗ ಯಾರೂ ಅವನನ್ನು ಗದರಲಿಲ್ಲ. ಕೆಲವರು ತಲೆ ಕೂಡ ಆಡಿಸಿದರು. ಅಂದಿನಿಂದ ಕಮಲಮ್ಮ ಬೇರೆಯವರಿಗೆ ತುಪ್ಪ ಬಡಿಸುತ್ತಿದ್ದಳೇ ಹೊರತು ತನ್ನ ಎಲೆಗೆ ಒಂದು ಹನಿ ಹಾಕಿಕೊಂಡದ್ದಿಲ್ಲ. ಈಗ ಅವಳು ಪಾತ್ರೆಗೆ ಮುಚ್ಚಳ ಮುಚ್ಚಿ ಒಳಗಿಟ್ಟಳು. ಕಾತ್ಯಾಯಿನಿ ಗಂಡನನ್ನು ಒಂದು ಸಲ ನೋಡಿದಳು. ಅವಳು ಮಾತು ಕಡಿಮೆ. ಹಾಗಾಗಿ ಅವಳು ನೋಡಿದ್ದು ಜಾಸ್ತಿ ಹೊತ್ತು ಉಳಿಯುತ್ತಿತ್ತು.

ಎರಡು ವಾರ ಕಳೆದ ಮೇಲೆ ಬಸವರಾಜ ಫೋನು ಮಾಡಿದ.

"ಸರ, ಕೆಲಸ ಕೆಟ್ತ್ರಿ. ನನ ಸೊಂಟ ಸಿಕ್ಕಿಬಿತ್ತು."

"ಅಂದ್ರೆ?"

"ಮೆಟಾಬೊ ಅಂತ್ರಿ. ಊರ ಆರೋಗ್ಯ ಕೇಂದ್ರಕ್ಕ ಕರದಾರ. ಒಬ್ಬಾಕಿ ನರ್ಸ ಬಾಯಿ ಕುಂದರ್ಸಿ ಬುದ್ಧಿ ಹೇಳ್ತಾಳಂತ. ಆಕಿ ಏನ್ ಕೇಳ್ತಾಳೋ, ನಾ ಏನ್ ಹೇಳ್ತೀನೋ. ನೀವು ನನ ಜೋಡಿ ಬರ್ರಿ, ದುಭಾಷಿ ಆಗ್ರಿ."

ಶ್ರೀಹರಿಗೆ ಇದಕ್ಕಿಂತ ಸಂತೋಷದ ಸುದ್ದಿ ಆ ವರ್ಷ ಬಂದಿರಲಿಲ್ಲ. ತಾನು ಕೆರೆಯ ದಂಡೆಯಲ್ಲಿ ಗಂಟಲು ಹರಿದುಕೊಂಡು ಹೇಳಿದ್ದನ್ನು ಕೊನೆಗೂ ಜಪಾನ್ ದೇಶವೇ ಹೇಳುತ್ತಿದೆ. ಅರ್ಧ ದಿನ ರಜೆ ಹಾಕಿ ಹೊರಟ.

ಆರೋಗ್ಯ ಕೇಂದ್ರದ ಕೊನೆಯ ಕೋಣೆಗೆ ಚಾಪೆ ಹಾಸಿತ್ತು. ಬಾಗಿಲಲ್ಲಿ ಷೂ ಬಿಟ್ಟು ಒಳಗೆ ಹೋಗಬೇಕು. ನೊಗುಚಿ ಸಾನ್ ಎಂಬ ಐವತ್ತು ದಾಟಿದ ದಾದಿ ತಗ್ಗು ಮೇಜಿನ ಆಚೆ ಮಂಡಿಯೂರಿ ಕೂತಿದ್ದಳು. ಶ್ರೀಹರಿಯೂ ಜಪಾನೀಯರಂತೆ ಬೆನ್ನು ನೆಟ್ಟಗೆ ಮಾಡಿ ಮಂಡಿಯೂರಿದ. ಬಸವರಾಜ ಊಟಕ್ಕೆ ಕೂತಂತೆ ಚಕ್ಕಳಮಕ್ಕಳ ಹಾಕಿದ.

"ಬಸವರಾಜ ಸಾನ್ ಸಂಜೆ ಸಾಮಾನ್ಯವಾಗಿ ಏನು ತಿನ್ನುತ್ತಾರೆ?" ಎಂದು ನೊಗುಚಿ ಸಾನ್ ಕೇಳಿದಳು.

"ಕೊರೊಕ್ಕೆ," ಎಂದ ಬಸವರಾಜ. ಕೊಂಬಿನಿಯಲ್ಲಿ ಸಿಗುವ, ನಮ್ಮ ಆಲೂಬೋಂಡಾದ ತಮ್ಮನಂಥ ತಿಂಡಿ ಅದು. "ವಾರದಾಗ ಎರಡು ಮೂರ ಸಲ."

ಶ್ರೀಹರಿ ಅದನ್ನು ಜಪಾನಿಗೆ ಹೀಗೆ ತಂದ: "ಇವರು ಯಾವಾಗಲೂ ಕರಿದದ್ದೇ ತಿನ್ನುತ್ತಾರೆ. ಸಕ್ಕರೆ ತುಂಬಿದ ಕಾಫಿ ಕುಡಿಯುತ್ತಾರೆ. ನಾನು ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ, ಕೇಳುವುದಿಲ್ಲ. ದಯವಿಟ್ಟು ಸ್ವಲ್ಪ ಹೆದರಿಸಿ ಹೇಳಬೇಕು."

ನೊಗುಚಿ ಸಾನ್ ನಗುತ್ತ ತಲೆ ಬಾಗಿಸಿದಳು. "ಬಸವರಾಜ ಸಾನ್ ಎಷ್ಟು ಚಿಕ್ಕದಾಗಿ ಹೇಳಿದರು! ಕನ್ನಡ ಬಹಳ ಅಡಕವಾದ ಭಾಷೆ ಇರಬೇಕು."

ಶ್ರೀಹರಿಯ ಕಿವಿ ಕೆಂಪಾಯಿತು. ಆಮೇಲೆ ಅವಳು ರಕ್ತಪರೀಕ್ಷೆಯ ವಿವರಕ್ಕೆ ಬಂದಳು. ಬಿಪಿ ಸ್ವಲ್ಪ ಹೆಚ್ಚು. ಟ್ರೈಗ್ಲಿಸರೈಡ್ ಎಂಬ ಕೊಬ್ಬು ಗಡಿ ದಾಟಿದೆ; ಅದಕ್ಕೆ ಆ ಸಿಹಿ ಕಾಫಿಯೂ ಕೂತಲ್ಲೇ ಕೂರುವುದೂ ಕಾರಣ ಇರಬಹುದು, ದಿನಕ್ಕೊಂದು ಕ್ಯಾನು ಕಡಿಮೆ ಮಾಡಿ, ಮನೆಗೆ ಹೋಗುವಾಗ ಒಂದು ನಿಲ್ದಾಣ ಮೊದಲೇ ಇಳಿದು ನಡೆದರೆ ಖಂಡಿತ ಇಳಿಯುತ್ತದೆ. "ಕೆಟ್ಟ ಕೊಲೆಸ್ಟರಾಲು ಮಾತ್ರ ತುಂಬ ಚೆನ್ನಾಗಿದೆ. ತೊಂಬತ್ತೆರಡು."

ಶ್ರೀಹರಿ ಇದನ್ನು ಅನುವಾದಿಸಲಿಲ್ಲ. "ಸುಮಿಮಾಸೆನ್, ಕ್ಷಮಿಸಿ," ಎಂದ. "ಅದು ಇವರದೇ ರಕ್ತವೇ?"

"ಇವರದೇ."

"ಇನ್ನೊಮ್ಮೆ ನೋಡುತ್ತೀರಾ?"

ಅವಳು ಇನ್ನೊಮ್ಮೆ ನೋಡಿದಳು. ತೊಂಬತ್ತೆರಡೇ ಇತ್ತು.

"ಏನಂತ್ರಿ ಸರ?" ಎಂದು ಬಸವರಾಜ ಕೇಳಿದ. "ಭಾಳ ಕೆಟ್ಟದ್ದೇನು? ನಿಮ್ ಮಾರಿ ನೋಡಿದ್ರ ನಂದು ಮುಗೀತು ಅನಸ್ತೈತಿ."

"ಕಾಫಿ ಬಿಡ್ಬೇಕಂತೆ," ಎಂದ ಶ್ರೀಹರಿ ಚುಟುಕಾಗಿ. ಈ ಸಲ ಕನ್ನಡ ನಿಜಕ್ಕೂ ಅಡಕವಾಗಿತ್ತು.

ನೊಗುಚಿ ಸಾನ್ ಗೋಡೆಯ ಹತ್ತಿರದ ಕಪಾಟಿನಿಂದ ವ್ಯಾಯಾಮದ ಚಿತ್ರಗಳಿದ್ದ ಹಾಳೆ ತೆಗೆದುಕೊಡಲು ಕೇಳಿದಳು. ಶ್ರೀಹರಿ ಎದ್ದು ಹೋದ, ಬೆನ್ನು ಅವಳ ಕಡೆಗೆ. ಬೇಸಿಗೆ, ಕಾಲಿಗೆ ಗಿಡ್ಡ ಕಾಲುಚೀಲ. ಹಾಳೆ ತಂದು ಕೊಟ್ಟಾಗ ಅವಳು ಅದನ್ನು ನೋಡಲೇ ಇಲ್ಲ.

"ಸುಮಿಮಾಸೆನ್. ನಾನು ಕೇಳಬಾರದ ಪ್ರಶ್ನೆ ಇದು. ನಿಮ್ಮ ಹಿಮ್ಮಡಿ ಮೊದಲಿಂದಲೂ ಹಾಗೇ ಇದೆಯೇ?"

ಶ್ರೀಹರಿಯ ಮುಖ ಅರಳಿತು. ಬೆಳಗಿನಿಂದ ಮೊದಲ ಸಲ ಯಾರೋ ಸರಿಯಾದದ್ದನ್ನು ಗಮನಿಸಿದ್ದರು. "ನಡಿಗೆಯಿಂದ," ಎಂದ. "ಹದಿನೈದು ವರ್ಷ ಆಯಿತು, ಒಂದು ದಿನ ತಪ್ಪಿಸಿಲ್ಲ."

"ಮುಟ್ಟಿ ನೋಡಲೇ?"

ಎರಡು ಬೆರಳುಗಳಿಂದ ಅವಳು ಆ ನರವನ್ನು ಹಿಡಿದು ನೋಡಿದಳು, ಮಾರುಕಟ್ಟೆಯಲ್ಲಿ ಮೂಲಂಗಿ ಹಿಡಿದು ನೋಡುವಷ್ಟು ನಿಧಾನವಾಗಿ. "ನಾನು ಮೊದಲು ಹೃದಯದ ಆಸ್ಪತ್ರೆಯಲ್ಲಿದ್ದೆ," ಎಂದಳು. "ನಡೆದರೆ ಇಷ್ಟು ದಪ್ಪವಾಗುವುದಿಲ್ಲ. ನಿಮ್ಮ ಕೆಟ್ಟ ಕೊಲೆಸ್ಟರಾಲು ಎಷ್ಟಿದೆ?"

ಕನ್ನಡದಲ್ಲಿ ಕೇಳಿದ್ದರೆ ಅವನು ಏನಾದರೂ ಹೇಳಿ ಹಾರಿಸುತ್ತಿದ್ದ. ಜಪಾನಿಯಲ್ಲಿ ಹಾರಿಸುವಷ್ಟು ಚಾಕಚಕ್ಯತೆ ಇರಲಿಲ್ಲ. "ಇನ್ನೂರು ಚಿಲ್ಲರೆ."

"ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದಿಂದ...?"

"ಅಪ್ಪ."

ಅವಳು ಪೆನ್ನು ಕೆಳಗಿಟ್ಟಳು. ರೋಗ ಇಂಥದೇ ಎಂದು ಹೇಳುವ ಅಧಿಕಾರ ತನಗಿಲ್ಲ, ಆದರೆ ಕೆಲವು ಮನೆತನಗಳಲ್ಲಿ ರಕ್ತದಿಂದ ಕೊಬ್ಬನ್ನು ತೆಗೆಯುವ ಕೆಲಸ ಹುಟ್ಟಿನಿಂದಲೇ ನಿಧಾನ, ಉಳಿದದ್ದು ಹೀಗೆ ಹಿಮ್ಮಡಿಯ ನರದಲ್ಲಿ, ಹೃದಯದ ನಾಳದಲ್ಲಿ ಹೋಗಿ ಕೂರುತ್ತದೆ, ಅದು ವಂಶದಲ್ಲಿ ಇಳಿದು ಬರುತ್ತದೆ. ದಯವಿಟ್ಟು ಈ ವಾರವೇ ಆಸ್ಪತ್ರೆಗೆ ಹೋಗಿ, ಎಂದಳು. 'ದಯವಿಟ್ಟು' ಎಂದು ಮೂರು ಬಗೆಯಲ್ಲಿ ಹೇಳಿದಳು. ಹೆದರಿಸಿ ಹೇಳಿ ಎಂದು ಅವನು ಕೇಳಿಕೊಂಡದ್ದನ್ನು ಕೊನೆಗೂ ನಡೆಸಿಕೊಟ್ಟಿದ್ದಳು.

ಹೊರಗೆ ಬಂದು ಷೂ ಹಾಕಿಕೊಳ್ಳುವಾಗ ಬಸವರಾಜ ಕೇಳಿದ, "ನಿಮ್ ಕಾಲ್ ಹಿಡದು ಏನಂದ್ಲ್ರಿ ಬಾಯಿ?"

"ಕಾಲು ಚೆನ್ನಾಗಿದೆ ಅಂದ್ರು. ಗಟ್ಟಿ ಇದೆ ಅಂತ."

ಬಸವರಾಜ ಷೂ ಲೇಸು ಬಿಗಿದು ತಲೆ ಎತ್ತಿದ. "ಸರ, ನನಗ ಜಪಾನಿ ಬರಾಂಗಿಲ್ಲ, ಖರೆ. ಆದ್ರ ಬ್ಯೋಯಿನ್ ಅಂದ್ರ ಆಸ್ಪತ್ರಿ ಅನ್ನೋದು ಗೊತ್ತೈತ್ರಿ. ಕಾಲ್ ಚೊಲೋ ಇದ್ದಾವ್ರಿಗೆ ಆಸ್ಪತ್ರಿ ಯಾಕ್ರಿ?"

"ನೀವು ಕಾಫಿ ಬಿಡಿ ಮೊದ್ಲು," ಎಂದು ಶ್ರೀಹರಿ ಬಿರಬಿರನೆ ನಡೆದುಬಿಟ್ಟ.

ಮನೆ ಸೇರುವಷ್ಟರಲ್ಲಿ ಅವನ ನಿರ್ಧಾರವಾಗಿತ್ತು. ಆಸ್ಪತ್ರೆ ಬೇಡ. ಇನ್ನೂ ಬಿಡಲು ಏನಾದರೂ ಉಳಿದಿರಬೇಕು. ಹಾಲು ಇದೆ. ಕಡಲೆಕಾಯಿ ಇದೆ. ಸಂಜೆಯ ಊಟವನ್ನೇ ಬಿಟ್ಟರೆ? ಲೋಕದಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮ ತನ್ನೊಬ್ಬನಿಗೆ ಅನ್ವಯಿಸುವುದಿಲ್ಲ ಎಂದರೆ ಏನರ್ಥ? ಮಾಡಿದವನಿಗೆ ಫಲ ಸಿಗದೆ, ಕೊರೊಕ್ಕೆ ತಿಂದವನಿಗೆ ತೊಂಬತ್ತೆರಡು! ಇದರಲ್ಲಿ ಆರೋಗ್ಯಕ್ಕಿಂತ ಹೆಚ್ಚಾಗಿ ಅನ್ಯಾಯ ಕಾಣುತ್ತಿತ್ತು.

ಬಾಗಿಲು ತೆಗೆದ ಕಾತ್ಯಾಯಿನಿ ಪಕ್ಕಕ್ಕೆ ಸರಿಯಲಿಲ್ಲ.

"ಬಸವರಾಜ್ ಅವ್ರು ಫೋನ್ ಮಾಡಿದ್ರು."

"ಅವನಿಗೇನು ಅರ್ಥ ಆಗುತ್ತೆ? ಅವನ ಸೊಂಟ ನೋಡ್ಕೊಳ್ಲಿ."

"ನಾಡಿದ್ದು ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಹೃದಯದ ಡಾಕ್ಟ್ರು."

"ಕಾತ್ಯಾ, ಒಂದು ತಿಂಗ್ಳು ಟೈಮ್ ಕೊಡು. ನಾನು ಇನ್ನೂ ಸ್ಟ್ರಿಕ್ಟ್ ಆಗಿ..."

"ಇನ್ನೇನು ಬಿಡ್ತೀರಾ? ನೀರಾ?" ಎಂದಳು. ಮದುವೆಯಾದ ಮೇಲೆ ಅವಳು ಅವನ ಮಾತು ಕತ್ತರಿಸಿದ್ದು ಬಹುಶಃ ಅದೇ ಮೊದಲು. "ಬಸವರಾಜ್ ವಾಪಸ್ ಒಳಗೆ ಹೋಗಿ ಫೋನನ್ನ ಆ ನರ್ಸ್ ಕೈಗೇ ಕೊಟ್ಟಿದ್ರು. ವಂಶದಲ್ಲಿ ಇಳೀತಾ ಬರುತ್ತೆ ಅಂದ್ರು ಅವ್ರು. ನಿಮ್ಮಿಂದ ಕೆಳಗೆ ಯಾರಿದಾರೆ ಯೋಚ್ನೆ ಮಾಡಿ."

ಒಳಗಿನ ಕೋಣೆಯಲ್ಲಿ ಸಾಹಿತ್ಯ ಅಜ್ಜಿಗೆ ಜಪಾನಿ ಎಣಿಕೆ ಕಲಿಸುತ್ತಿದ್ದಳು. ಇಚಿ, ನಿ, ಸಾನ್. ಶ್ರೀಹರಿ ಷೂ ಕಳಚದೆ ಅಲ್ಲೇ ನಿಂತಿದ್ದ.

ಆಸ್ಪತ್ರೆಯಲ್ಲಿ ಹಿಮ್ಮಡಿಯ ಎಕ್ಸ್‌ರೇ ತೆಗೆದರು. ಹೃದಯದ್ದು ಬೇರೆ ಪರೀಕ್ಷೆ. ಅವನಿಗಿಂತ ಚಿಕ್ಕವನಾಗಿದ್ದ ಡಾಕ್ಟರು ಪರದೆಯ ಮೇಲೆ ಬಿಳಿ ನರವನ್ನು ಅಳೆದು, ದಾದಿಯ ಅನುಮಾನ ಸರಿ ಎಂದ. ಹೃದಯದ ಒಂದು ನಾಳ ಕಿರಿದಾಗಲು ಶುರುವಾಗಿದೆ, ಪುಣ್ಯಕ್ಕೆ ಶುರು ಮಾತ್ರ. ಮಾತ್ರೆ ಇವತ್ತಿನಿಂದಲೇ.

"ಹಾಗಾದರೆ ನಾನು ಇಷ್ಟು ವರ್ಷ ಬಿಟ್ಟದ್ದೆಲ್ಲ ದಂಡವೇ?" ಎಂದು ಕೇಳಿದ ಶ್ರೀಹರಿ. ಜಗಳಕ್ಕೆ ಬಂದವನ ದನಿಯಿತ್ತು ಅದರಲ್ಲಿ.

"ಇಲ್ಲ, ಇಲ್ಲ," ಎಂದು ಡಾಕ್ಟರು ಕೈ ಆಡಿಸಿದ. "ಹೆಚ್ಚಿನವರಿಗೆ ಊಟ, ನಡಿಗೆಯಿಂದಲೇ ಎಷ್ಟೋ ಇಳಿಯುತ್ತದೆ. ನಿಮಗೆ ಅದಷ್ಟೇ ಸಾಲದು. ಆದರೆ ಸಿಗರೇಟು ಸೇದಿಕೊಂಡು, ಕೂತಲ್ಲೇ ಕೂತಿದ್ದರೆ ನೀವು ಹೀಗೆ ನಡೆದು ಬರುವ ಬದಲು ಆಂಬುಲೆನ್ಸಿನಲ್ಲಿ ಬರುತ್ತಿದ್ದಿರಿ. ನಡಿಗೆ ಬಿಡಬೇಡಿ. ತುಪ್ಪ ಬೆಣ್ಣೆಯೂ ಹತ್ತಿರ ಬೇಡ. ಒಗ್ಗರಣೆಗೆ ಒಂದಿಷ್ಟು ಎಣ್ಣೆ ಹಾಕಿಕೊಂಡರೆ ಏನೂ ಆಗುವುದಿಲ್ಲ." ಆಮೇಲೆ ಸ್ವಲ್ಪ ತಡೆದು ಕೇಳಿದ. "ಮಕ್ಕಳಿದ್ದಾರೆಯೇ? ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ. ರಕ್ತ ನೋಡಬೇಕು. ನಿಮ್ಮ ತಂದೆಯ ಹಿಮ್ಮಡಿ ಹೇಗಿತ್ತು ಎಂದೂ ಮನೆಯಲ್ಲಿ ಕೇಳಿ."

ಮನೆಯಲ್ಲಿ ಕೇಳಬಹುದಾದವಳು ಒಬ್ಬಳೇ ಇದ್ದಳು.

ಆ ಸಂಜೆ ಕಮಲಮ್ಮ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಶ್ರೀಹರಿ ಹೋಗಿ ಒಂದು ಟವೆಲು ಎತ್ತಿಕೊಂಡು ತಾನೂ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಅಮ್ಮ, ಅಪ್ಪನ ಹಿಮ್ಮಡಿ ನೆನಪಿದ್ಯಾ?"

"ಹಿಮ್ಮಡೀನಾ? ಯಾಕೋ?"

"ಸುಮ್ನೆ. ಡಾಕ್ಟ್ರು ಕೇಳಿದ್ರು."

"ನಿಂದೇ ಥರ ಕಣೋ. ಇನ್ನೂ ದಪ್ಪ. ಬೂಟಿನ ಹಿಂದುಗಡೆ ಚಾಕುವಿನಲ್ಲಿ ಕೊಯ್ದು ಹಾಕ್ಕೊತಿದ್ರು. ನಮ್ಮ ಮದ್ವೇಲೇ ಚಪ್ಪಲೀಲಿ ಬಂದ್ರು ಅಂತ ನಮ್ಮಪ್ಪ ಬೇಜಾರ್ ಮಾಡ್ಕೊಂಡಿದ್ರು." ಅವಳು ಸಾಹಿತ್ಯಳ ಫ್ರಾಕು ಕೊಡವಿದಳು. "ನಿಮ್ಮ ದೊಡ್ಡ ಸೋದರತ್ತೇಗೂ ಹಂಗೇ ಇತ್ತು. ಪಾಪ, ಐವತ್ತು ತುಂಬ್ಲಿಲ್ಲ ಅವ್ಳಿಗೆ. ಅವ್ಳದೂ ಎದೆನೋವೇ."

"ಅತ್ತೇನಾ? ಅತ್ತೆ ಒಪ್ಪೊತ್ತು ಅಲ್ವಾ ಊಟ?"

"ಒಪ್ಪೊತ್ತು. ಚಿಕ್ಕ ವಯಸ್ಸಲ್ಲೇ ಗಂಡ ಹೋದ್ಮೇಲೆ ಎಣ್ಣೆ ಇಲ್ಲ, ತುಪ್ಪ ಇಲ್ಲ, ಒಂದು ಮುಷ್ಟಿ ಅನ್ನ, ತಿಳಿಸಾರು. ದೇವಸ್ಥಾನಕ್ಕೆ ದಿನಾ ನಡ್ಕೊಂಡೇ ಹೋಗೋಳು."

ಶ್ರೀಹರಿಯ ಕೈಯಲ್ಲಿದ್ದ ಟವೆಲು ನಿಂತಿತು. ಇಷ್ಟು ವರ್ಷ ತಾನೇ ಕಂಡುಹಿಡಿದೆ ಎಂದುಕೊಂಡಿದ್ದ ಪಥ್ಯವನ್ನು ಅತ್ತೆ ಮೊದಲೇ ಮಾಡಿ, ಸತ್ತೂ ಆಗಿತ್ತು.

ಅವನು ಡಾಕ್ಟರು ಹೇಳಿದ್ದನ್ನು ಹೇಳಿದ. ರಕ್ತ, ವಂಶ, ನರ. ಕಮಲಮ್ಮ ಮಡಿಸುವುದನ್ನು ಬಿಟ್ಟು ಪೂರ್ತಿ ಕೇಳಿದಳು.

"ಹಾಗಾದ್ರೆ ಅವ್ರು ಹೋಗಿದ್ದು ನನ್ನ ಕೈ ಅಡುಗೆಯಿಂದ ಅಲ್ಲ."

"ಅದು... ಅಮ್ಮ, ಅದು ಕಾಂಪ್ಲಿಕೇಟೆಡ್. ಒಂದೇ ಕಾರಣ ಅಂತ ಇರಲ್ಲ. ಡಯಟ್ಟೂ ಒಂದು ಫ್ಯಾಕ್ಟರ್. ಮಲ್ಟಿಪಲ್ ರಿಸ್ಕ್..."

"ಸರಿ, ಬಿಡು," ಎಂದು ಅವಳು ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಜಪಾನಿಯಲ್ಲಿ ಹಾರಿಸಲಾಗದ್ದನ್ನು ಶ್ರೀಹರಿ ಇಂಗ್ಲಿಷಿನಲ್ಲಿ ಹಾರಿಸಿಬಿಟ್ಟಿದ್ದ.

ಮಾತ್ರೆ ಶುರುವಾಯಿತು. ತಿಂಗಳಾದ ಮೇಲೆ ನೋಡಿದರೆ ಹದಿನೈದು ವರ್ಷಗಳ ತಪಸ್ಸಿಗೆ ಅಲುಗದಿದ್ದ ಕೊಲೆಸ್ಟರಾಲು ಒಂದು ಸಣ್ಣ ಬಿಳಿ ಬಿಲ್ಲೆಗೆ ಹೆದರಿ ಸುಮಾರು ಅರ್ಧಕ್ಕೆ ಇಳಿದಿತ್ತು. ಡಾಕ್ಟರು ಅಭಿನಂದಿಸಿದ. ಶ್ರೀಹರಿಗೆ ಅವಮಾನವಾದಂತಾಯಿತು. ಇತ್ತ ಬಸವರಾಜ ಕಾಫಿ ಬಿಟ್ಟು, ಒಂದು ನಿಲ್ದಾಣ ಮೊದಲೇ ಇಳಿದು ನಡೆದು, ಬೆಲ್ಟಿನ ತೂತು ಒಂದು ಹಿಂದಕ್ಕೆ ಬಂದಿತ್ತು. ಭಾನುವಾರ ಅದನ್ನು ಎಲ್ಲರಿಗೂ ತೋರಿಸಿ, "ಎಲ್ಲಾ ಸರ್ ಆಶೀರ್ವಾದ," ಎಂದ. ಎಣ್ಣೆ ಇನ್‌ಸ್ಪೆಕ್ಟರು ಆ ದಿನ ಪಾಠ ಹೇಳಲಿಲ್ಲ. ಗಂಟಲು ಸರಿಯಿಲ್ಲ ಎಂದ.

ಸಾಹಿತ್ಯಳ ರಕ್ತಪರೀಕ್ಷೆಯನ್ನು ಅವನು ಶಾಲೆ, ಈಜು, ಮಳೆ ಎಂದು ಮುಂದೆ ಹಾಕುತ್ತಲೇ ಇದ್ದ. ಕಮಲಮ್ಮ ಊರಿಗೆ ಹೊರಡಲು ಒಂದು ವಾರ ಉಳಿದಿದ್ದಾಗ ಕಾತ್ಯಾಯಿನಿ ಹೋಗಿ ದಿನ ಗೊತ್ತು ಮಾಡಿ ಬಂದಳು. ನಾಲ್ವರೂ ಹೊರಟರು. ಮಗು ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟಿತು, ಅಳಲಿಲ್ಲ. ಅಜ್ಜಿಯ ಸೆರಗನ್ನು ಮಾತ್ರ ಕೈಗೆ ಸುತ್ತಿಕೊಂಡಿತ್ತು. ಒಂದೂವರೆ ತಾಸು ಕಾದ ಮೇಲೆ ಒಳಗೆ ಕರೆದರು. ಹೌದು, ಇವಳಿಗೂ ಇಳಿದು ಬಂದಿತ್ತು. ಇಷ್ಟು ಬೇಗ ಗೊತ್ತಾಗಿದ್ದು ದೊಡ್ಡ ಅದೃಷ್ಟ, ಈಗಿನಿಂದ ನೋಡಿಕೊಂಡರೆ ಇವಳು ಎಲ್ಲರಂತೆ ಮುದುಕಿಯಾಗುತ್ತಾಳೆ ಎಂದು ಮಕ್ಕಳ ಡಾಕ್ಟರು ಮೃದುವಾಗಿ, ಮಗುವಿಗೂ ಅರ್ಥವಾಗುವ ಜಪಾನಿಯಲ್ಲಿ ಹೇಳಿದಳು. ಮುಂದಿನ ದಿನ ಗೊತ್ತು ಮಾಡಲು ಕಾತ್ಯಾಯಿನಿ ಕೌಂಟರಿಗೆ ಹೋದಳು. ಉಳಿದ ಮೂವರು ಹೊರಗಿನ ಬೆಂಚಿನ ಮೇಲೆ ಕೂತರು.

ಸಾಹಿತ್ಯ ಕಾಲು ಆಡಿಸುತ್ತ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ಮುಖ್ಯವಾದ ಮಾತೆಂದೋ ಏನೋ, ಕಷ್ಟಪಟ್ಟು ಕನ್ನಡದಲ್ಲೇ ಕೇಳಿದಳು.

"ಪಪ್ಪಾ, ನಾನು ಏನು ತಪ್ಪು ತಿಂದೆ?"

ಈ ಪ್ರಶ್ನೆಗೆ ಶ್ರೀಹರಿಯ ಬಳಿ ಉತ್ತರ ಇಲ್ಲದಿದ್ದ ದಿನವೇ ಇರಲಿಲ್ಲ. ಗೆಳತಿಯರ ಹುಟ್ಟುಹಬ್ಬದ ಕೇಕು, ಶಾಲೆಯ ಊಟದ ಕರಿದ ತಿಂಡಿ, ಕೊಂಬಿನಿಯ ಐಸ್‌ಕ್ರೀಮು, ಆ ಒಂದು ಸಂಜೆ ಅಜ್ಜಿ ಬಡಿಸಿದ ಒಂದು ಚಮಚ. ಎಲ್ಲವೂ ರೈಲಿಗೆ ಕಾದವರಂತೆ ಅವನ ನಾಲಿಗೆಯ ತುದಿಗೆ ಬಂದು ಶಿಸ್ತಾಗಿ ಸಾಲು ನಿಂತವು. ಅವನು ಮಗಳ ಮುಖ ನೋಡಿದ. ತಪ್ಪು ಹುಡುಕಿಕೊಟ್ಟರೆ ಒಪ್ಪಿಕೊಳ್ಳಲು ತಯಾರಾಗಿ ಕೂತಿದ್ದ ಮುಖ.

"ಏನೂ ಇಲ್ಲ ಪುಟ್ಟ," ಎಂದ. ಪಿಸುದನಿಯಲ್ಲೇ ಸೇರಿಸಿದ. "ನೀನು ಏನೂ ತಪ್ಪು ತಿಂದಿಲ್ಲ. ನಿಂಗೆ ಯಾರೂ ಏನೂ ತಪ್ಪು ತಿನ್ನಿಸ್ಲೂ ಇಲ್ಲ."

ಬೆಂಚಿನ ಆ ತುದಿಯಿಂದ ಕಮಲಮ್ಮ ಎಂದಳು, "ನಂಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

"ಅಮ್ಮ, ಇದು ಆಸ್ಪತ್ರೆ."

"ಗೊತ್ತು. ಗಟ್ಟಿಯಾಗಿ ಹೇಳು."

ಜಪಾನಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಶ್ರೀಹರಿ ಎದ್ದು ಹೋಗಿ ಅಮ್ಮನ ಮುಂದೆ ನಿಂತು ಹೇಳಿದ. "ಯಾರೂ ಏನೂ ತಪ್ಪು ತಿನ್ನಿಸ್ಲಿಲ್ಲ, ಅಮ್ಮ." ಎದುರು ಸಾಲಿನವರೆಲ್ಲ ತಮ್ಮ ಪತ್ರಿಕೆಗಳಿಂದ ತಲೆ ಎತ್ತಿದರು. ದಾದಿಯೊಬ್ಬಳು ಬಾಗಿಲಿನಿಂದ ಇಣುಕಿದಳು. ಅವನು ಕ್ಷಮೆ ಕೇಳಲು ಅವರ ಕಡೆ ತಿರುಗಲಿಲ್ಲ.

ಕಮಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು.

"ಸರಿ, ನಡಿ," ಎಂದಳು. "ಮಗು ಬೆಳಿಗ್ಗೆಯಿಂದ ಹಸ್ಕೊಂಡಿದೆ. ಏನು ಬೇಕು ಅಂತ ಅದನ್ನೇ ಕೇಳಿ ಕೊಡ್ಸು."